ಮನೆಯ ಆರೈಕೆಯಲ್ಲಿ ಸೋಂಕು: ಯಾರ ಖಾತೆಗೆ ಬರೆಯಬೇಕು?

ಬೀದರ್ ತಾಲೂಕಿನ ಬಗದಲ್ ಹೋಬಳಿಯ ಕಿರಾಣಿ ವರ್ತಕರೊಬ್ಬರ ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಎಪ್ಪತ್ತು ದಾಟಿದ ತಂದೆಗೆ ಲಕ್ವ ಹೊಡೆದು, ಹೈದರಾಬಾದಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಚಿಕಿತ್ಸೆ ಕೊಡಿಸಿ, ಜೀವಕ್ಕೆ ಅಪಾಯವಿಲ್ಲವೆಂದು ಖಚಿತವಾದ ಮೇಲೆ ಊರಿಗೆ ಕರೆತರಲಾಗಿದೆ. ಮೂತ್ರಕ್ಕೆ ಒಂದು ನಳಿಕೆ, ಆಹಾರಕ್ಕಾಗಿ ಮೂಗಿನಲ್ಲಿ ಇನ್ನೊಂದು ನಳಿಕೆ, ಸೊಂಟದ ಕೆಳಗೆ ಆಗಷ್ಟೇ ಕಾಣಿಸಿಕೊಂಡ ಒತ್ತಡದ ಹುಣ್ಣು, ಬೀದರಿನಿಂದ ಬಾಡಿಗೆಗೆ ತಂದ ಕಬ್ಬಿಣದ ಮಂಚ. ಹಗಲು ಸೊಸೆ, ರಾತ್ರಿ ಮಗ, ವಾರಕ್ಕೊಮ್ಮೆ ಡ್ರೆಸ್ಸಿಂಗ್ ಮಾಡಲು ಬರುವ ಕಾಂಪೌಂಡರ್. ಹನ್ನೆರಡನೆಯ ದಿನ ಚಳಿಜ್ವರ ಬರುತ್ತದೆ, ಮೂತ್ರ ಕದಡುತ್ತದೆ. ಔಷಧಿ ಅಂಗಡಿಯವರು ಕೊಟ್ಟ ಮಾತ್ರೆಯಿಂದ ಎರಡು ದಿನ ಜ್ವರ ಇಳಿದಂತೆ ತೋರಿ, ಮೂರನೆಯ ದಿನ ರೋಗಿಗೆ ಮಾತು ತೊದಲಿ ಮಂಪರು ಕವಿಯುತ್ತದೆ. ಆಂಬುಲೆನ್ಸ್, ಮತ್ತೆ ಆಸ್ಪತ್ರೆ, ಮತ್ತೆ ಮುಂಗಡ ಠೇವಣಿ. ಮಗ ಆಸ್ಪತ್ರೆಯಲ್ಲಿ ಕುಳಿತಿರುವುದರಿಂದ ಒಂಬತ್ತು ದಿನ ಅಂಗಡಿಯ ಬಾಗಿಲು ಮುಚ್ಚಿರುತ್ತದೆ. ಸಗಟು ವ್ಯಾಪಾರಿಗೆ ಕೊಡಬೇಕಾಗಿದ್ದ ಹಣ ಆಸ್ಪತ್ರೆಯ ಕೌಂಟರಿಗೆ ಹೋಗಿರುತ್ತದೆ.

ಈ ಬಗೆಯ ಖರ್ಚನ್ನು ಅನುಭವಿಸದ ವ್ಯಾಪಾರಿ ಕುಟುಂಬಗಳು ಜಿಲ್ಲೆಯಲ್ಲಿ ವಿರಳ. ಆದರೆ ಇಲ್ಲಿ ಲೆಕ್ಕಪತ್ರದ ದೃಷ್ಟಿಯಿಂದ ಏಳುವ ಪ್ರಶ್ನೆಯೇ ಬೇರೆ. ಹನ್ನೆರಡನೆಯ ದಿನ ಬಂದ ಆ ಸೋಂಕು ಎಲ್ಲಿ ದಾಖಲಾಯಿತು? ಮೊದಲ ಆಸ್ಪತ್ರೆಯ ಪುಸ್ತಕದಲ್ಲಿ ರೋಗಿಯು ‘ಸ್ಥಿತಿ ಸ್ಥಿರ, ಬಿಡುಗಡೆ’ ಎಂದು ಮುಕ್ತಾಯವಾಗಿದ್ದಾರೆ. ಎರಡನೆಯ ಆಸ್ಪತ್ರೆಯ ಪುಸ್ತಕದಲ್ಲಿ ಅದು ಬರುವಾಗಲೇ ಹೊತ್ತು ತಂದ ಸೋಂಕು. ವ್ಯಾಪಾರದ ಭಾಷೆಯಲ್ಲಿ ಆರಂಭಿಕ ದಾಸ್ತಾನು. ಔಷಧಿ ಅಂಗಡಿಯ ಬಿಲ್ಲಿನಲ್ಲಿ ಮಾತ್ರೆಯ ಹೆಸರಿದೆ, ಕಾರಣವಿಲ್ಲ. ಮಂಚ ಬಾಡಿಗೆಗೆ ಕೊಟ್ಟವರಲ್ಲಿ ಬಾಡಿಗೆಯ ರಸೀದಿ ಮಾತ್ರ ಇದೆ. ಮನೆಯಲ್ಲಂತೂ ಏನೂ ಬರೆದಿಟ್ಟಿಲ್ಲ. ಖರ್ಚು ಬಿದ್ದದ್ದು ನಿಜ, ಆದರೆ ಆ ಖರ್ಚಿನ ಮೂಲ ಯಾರ ಖತಾವಣಿಯಲ್ಲೂ ಇಲ್ಲ. ಸಸ್ಪೆನ್ಸ್ ಖಾತೆಯಲ್ಲಾದರೂ ಇದ್ದಿದ್ದರೆ ವರ್ಷದ ಕೊನೆಗೆ ಯಾರಾದರೂ ಕೇಳುತ್ತಿದ್ದರು.

ಎಣಿಕೆಯೇ ಒಂದು ಚಿಕಿತ್ಸೆ

ಸೋಂಕನ್ನು ಎಣಿಸುವುದರಿಂದ ಸೋಂಕು ಕಡಿಮೆಯಾಗುತ್ತದೆಯೇ ಎಂಬ ಸಂದೇಹ ಸಹಜವಾದುದು. 1847ರಲ್ಲಿ ವಿಯೆನ್ನಾ ನಗರದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಒಂದೇ ಆಸ್ಪತ್ರೆಯ ಎರಡು ಹೆರಿಗೆ ವಿಭಾಗಗಳ ಸಾವಿನ ಲೆಕ್ಕವನ್ನು ಹೋಲಿಸಿ ನೋಡಿದ್ದರಿಂದಲೇ, ವೈದ್ಯರ ಕೈಗಳೇ ಸೋಂಕನ್ನು ಒಯ್ಯುತ್ತಿವೆ ಎಂಬ ನಿರ್ಣಯಕ್ಕೆ ಬಂದನು. ಅಮೆರಿಕದಲ್ಲಿ 1970ರ ದಶಕದ ದತ್ತಾಂಶವನ್ನು ಆಧರಿಸಿ 338 ಆಸ್ಪತ್ರೆಗಳಲ್ಲಿ ನಡೆದ ‘ಸೆನಿಕ್’ ಅಧ್ಯಯನದ ಫಲಿತಾಂಶ 1985ರಲ್ಲಿ ಪ್ರಕಟವಾಯಿತು. ಸೋಂಕಿನ ಮೇಲೆ ಕ್ರಮಬದ್ಧ ನಿಗಾ, ನಿಯಂತ್ರಣದ ವ್ಯವಸ್ಥೆ ಮತ್ತು ಅದಕ್ಕೆ ತರಬೇತಿ ಪಡೆದ ಸಿಬ್ಬಂದಿ ಇದ್ದ ಆಸ್ಪತ್ರೆಗಳಲ್ಲಿ ಸೋಂಕು ಶೇ. 32ರಷ್ಟು ತಗ್ಗಿತ್ತು, ಅಂತಹ ವ್ಯವಸ್ಥೆ ಇಲ್ಲದ ಕಡೆ ಶೇ. 18ರಷ್ಟು ಏರಿತ್ತು. ಸರಕಿನ ಎಣಿಕೆ ತಪ್ಪದೆ ನಡೆಯುವ ಗೋದಾಮಿನಲ್ಲಿ ಸರಕು ಕಾಣೆಯಾಗುವುದು ಕಡಿಮೆ ಎಂಬುದು ವರ್ತಕರಿಗೆ ಹೊಸ ವಿಷಯವೇನಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ, ತೀವ್ರ ಚಿಕಿತ್ಸೆಯ ಆಸ್ಪತ್ರೆಗಳಿಗೆ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ರಾಷ್ಟ್ರಗಳಲ್ಲಿ 7 ಮಂದಿಗೆ, ಕೆಳ ಹಾಗೂ ಮಧ್ಯಮ ಆದಾಯದ ರಾಷ್ಟ್ರಗಳಲ್ಲಿ 15 ಮಂದಿಗೆ ಆಸ್ಪತ್ರೆಯಲ್ಲಿದ್ದಾಗಲೇ ಕನಿಷ್ಠ ಒಂದು ಸೋಂಕು ತಗಲುತ್ತದೆ. ಈ ಅಂಕಿಗಳನ್ನು ಹೇಳಲು ಸಾಧ್ಯವಾದದ್ದು ಆಸ್ಪತ್ರೆಗಳಲ್ಲಿ ಎಣಿಕೆ ಇರುವುದರಿಂದ. ಭಾರತದಲ್ಲಿಯೂ ಕೇಂದ್ರ ಆರೋಗ್ಯ ಸಚಿವಾಲಯವು 2020ರ ಜನವರಿಯಲ್ಲಿ ಸೋಂಕು ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಮಾರ್ಗಸೂಚಿಯನ್ನು ಹೊರಡಿಸಿತು. ಅದರ ಹೆಸರಿನಲ್ಲಿಯೇ ಇರುವಂತೆ ಅದು ಆರೋಗ್ಯ ಸಂಸ್ಥೆಗಳಿಗಾಗಿ ಮಾಡಿದ್ದು. ಆಸ್ಪತ್ರೆಯ ಬಾಗಿಲು ದಾಟಿ ಮನೆಯ ಹೊಸ್ತಿಲು ತುಳಿದ ರೋಗಿಯ ವಿಷಯ ಬೇರೆ.

ವ್ಯಾಖ್ಯೆ ಇಲ್ಲದ ಲೆಕ್ಕ

ಎಣಿಸುವ ಮೊದಲು ಏನನ್ನು ಎಣಿಸಬೇಕೆಂದು ನಿಶ್ಚಯಿಸಬೇಕು. ಮಾರಾಟವಾಯಿತು ಎಂದು ಯಾವಾಗ ಹೇಳಬೇಕು, ಆರ್ಡರ್ ಬಂದಾಗಲೇ, ಸರಕು ಹೊರಟಾಗಲೇ, ಹಣ ಕೈಸೇರಿದಾಗಲೇ ಎಂಬ ಪ್ರಶ್ನೆಗೆ ಲೆಕ್ಕಪತ್ರದ ಮಾನದಂಡಗಳು ಉತ್ತರ ಕೊಟ್ಟಿರುವುದರಿಂದಲೇ ಎರಡು ಸಂಸ್ಥೆಗಳ ವಹಿವಾಟನ್ನು ಹೋಲಿಸಲು ಸಾಧ್ಯವಾಗುತ್ತದೆ. ಸೋಂಕಿಗೂ ಇದೇ ಮಾತು ಅನ್ವಯಿಸುತ್ತದೆ. ಒಬ್ಬ ದಾದಿಗೆ ಮೂತ್ರದ ಬಣ್ಣ ಬದಲಾದರೆ ಸೋಂಕು, ಇನ್ನೊಬ್ಬರಿಗೆ ಜ್ವರ ಬಂದರೆ ಮಾತ್ರ ಸೋಂಕು, ಮತ್ತೊಬ್ಬರಿಗೆ ಡಾಕ್ಟರು ಆ್ಯಂಟಿಬಯಾಟಿಕ್ ಬರೆದರೆ ಸೋಂಕು ಎಂದಾದರೆ, ಆ ಮೂವರ ಪುಸ್ತಕಗಳನ್ನು ಕೂಡಿಸಿದ ಮೊತ್ತಕ್ಕೆ ಅರ್ಥವಿರುವುದಿಲ್ಲ.

ಆಸ್ಪತ್ರೆಗಳಿಗಾಗಿ ರೂಪಿಸಿದ ವ್ಯಾಖ್ಯೆಗಳು ಹೆಚ್ಚಾಗಿ ಪ್ರಯೋಗಾಲಯದ ವರದಿಯನ್ನು, ಎಕ್ಸ್‌ರೇಯನ್ನು, ದಿನನಿತ್ಯದ ವೈದ್ಯರ ಭೇಟಿಯನ್ನು ಅವಲಂಬಿಸಿವೆ. ಬಗದಲ್‌ನ ಮನೆಯಲ್ಲಿ ಇವು ಯಾವುವೂ ಇಲ್ಲ. ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಬೇಕಾದರೆ ಮಾದರಿಯನ್ನು ಬೀದರಿಗೆ ಒಯ್ಯಬೇಕು; ಫಲಿತಾಂಶಕ್ಕೆ ಎರಡು ಮೂರು ದಿನ ಕಾಯಬೇಕು. ಅಷ್ಟರಲ್ಲಿ ಮಾತ್ರೆ ಹೊಟ್ಟೆಗೆ ಹೋಗಿರುತ್ತದೆ.

ಈ ತೊಡಕು ಬಗದಲ್‌ಗೆ ಮಾತ್ರ ಸೀಮಿತವಲ್ಲ. ಪ್ರಯೋಗಾಲಯ ಕೈಗೆಟುಕದ ವೃದ್ಧರ ಆರೈಕೆ ಕೇಂದ್ರಗಳಿಗಾಗಿ 1991ರಲ್ಲಿ ಕೆನಡಾದ ವೈದ್ಯೆ ಆಲಿಸನ್ ಮೆಕ್‌ಗೀರ್ ಮತ್ತು ಸಂಗಡಿಗರು ಲಕ್ಷಣಗಳನ್ನೇ ಆಧರಿಸಿದ ವ್ಯಾಖ್ಯೆಗಳನ್ನು ಪ್ರಕಟಿಸಿದರು. ಅಮೆರಿಕದ ಸೋಂಕು ನಿಯಂತ್ರಣ ವೃತ್ತಿಪರರ ಸಂಘವಾದ ಎಪಿಐಸಿ, ಮನೆಯ ಆರೈಕೆಗೆಂದೇ 2000ದಲ್ಲಿ ಕರಡು ವ್ಯಾಖ್ಯೆಗಳನ್ನು ಮುಂದಿಟ್ಟಿತು. 2008ರಲ್ಲಿ ಅಲ್ಲಿನ ಸಿಡಿಸಿಯ ಸಲಹಾ ಸಮಿತಿಯೊಡನೆ ಸೇರಿ, ಮನೆಯ ಆರೈಕೆ ಮತ್ತು ಮನೆಯಲ್ಲಿನ ಅಂತ್ಯಕಾಲದ ಶುಶ್ರೂಷೆ ಎರಡಕ್ಕೂ ಅನ್ವಯಿಸುವ ವ್ಯಾಖ್ಯೆಗಳನ್ನು ಹೊರತಂದಿತು.

1991ರ ವ್ಯಾಖ್ಯೆಯಲ್ಲಿ ಮೂತ್ರನಳಿಕೆ ಇರುವ ರೋಗಿಗೆ ಸಂಬಂಧಿಸಿದ ಭಾಗ ಓದಲು ಸರಳವಾಗಿದೆ. ಜ್ವರ ಅಥವಾ ಚಳಿನಡುಕ. ಪಕ್ಕೆಯಲ್ಲಿ ಅಥವಾ ಕಿಬ್ಬೊಟ್ಟೆಯಲ್ಲಿ ಹೊಸದಾಗಿ ಕಾಣಿಸಿಕೊಂಡ ನೋವು. ಮೂತ್ರದ ಸ್ವರೂಪದಲ್ಲಿ ಬದಲಾವಣೆ. ಬುದ್ಧಿಸ್ಥಿತಿ ಅಥವಾ ದೈನಂದಿನ ಚಟುವಟಿಕೆಯಲ್ಲಿ ಕುಸಿತ. ಈ ನಾಲ್ಕರಲ್ಲಿ ಕನಿಷ್ಠ ಎರಡು ಇದ್ದರೆ ಅದು ಸೋಂಕೆಂದು ಎಣಿಕೆಗೆ ಬರುತ್ತದೆ. ಜ್ವರವೆಂದರೆ 38 ಡಿಗ್ರಿ ಸೆಲ್ಸಿಯಸ್, ಅಂದರೆ ಮನೆಯ ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಮೇಲು. ಮೇಲಿನ ಉದಾಹರಣೆಯ ವೃದ್ಧರಿಗೆ ಮೊದಲ ದಿನವೇ ಎರಡು ಲಕ್ಷಣಗಳಿದ್ದವು, ಮೂರನೆಯ ದಿನ ಮೂರು. 2012ರಲ್ಲಿ ಪರಿಷ್ಕರಿಸುವಾಗ ಮೂತ್ರದ ಕಲ್ಚರ್ ಪರೀಕ್ಷೆಯನ್ನೂ ಕಡ್ಡಾಯ ಮಾಡಲಾಯಿತು. ಅದರಿಂದ ಎಣಿಕೆಯ ನಿಖರತೆ ಹೆಚ್ಚಿತು; ಆದರೆ ಪ್ರಯೋಗಾಲಯವಿಲ್ಲದ ಕಡೆ ಅದನ್ನು ಬಳಸುವುದು ಅಷ್ಟೇ ಕಷ್ಟವಾಯಿತು.

ಇಲ್ಲಿ ಒಂದು ಎಚ್ಚರ ಅಗತ್ಯ. ಎಣಿಕೆಯ ವ್ಯಾಖ್ಯೆ ಚಿಕಿತ್ಸೆಯ ಆದೇಶವಲ್ಲ. ಒಂದೇ ಲಕ್ಷಣ ಕಂಡರೂ ವೈದ್ಯರು ಚಿಕಿತ್ಸೆ ಆರಂಭಿಸಬಹುದು. ಅದು ಅವರ ವಿವೇಚನೆ. ಅದೇ ರೀತಿ, ಬಹುದಿನ ನಳಿಕೆ ಇಟ್ಟುಕೊಂಡವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುವುದು ಸಾಮಾನ್ಯ; ಯಾವ ತೊಂದರೆಯೂ ಇಲ್ಲದಿದ್ದರೆ ಅದನ್ನು ಸೋಂಕೆಂದು ಎಣಿಸುವುದಿಲ್ಲ. ಬಣ್ಣ ಕಂಡು ಗಾಬರಿಯಾಗಿ ಅಂಗಡಿಯಿಂದ ತಂದು ನುಂಗಿಸುವ ಆ್ಯಂಟಿಬಯಾಟಿಕ್ ಮುಂದೆ ನಿಜವಾದ ಸೋಂಕು ಬಂದಾಗ ಕೆಲಸ ಮಾಡದೆ ಹೋಗಬಹುದು. ಈ ವ್ಯಾಪಾರದಲ್ಲಿ ಲಾಭ ಯಾರಿಗೆಂಬುದು ಎಲ್ಲರಿಗೂ ತಿಳಿದಿದೆ, ನಷ್ಟ ಯಾರಿಗೆಂಬುದು ಮಾತ್ರ ತಡವಾಗಿ ತಿಳಿಯುತ್ತದೆ.

ಯಾರ ಖಾತೆ?

ವ್ಯಾಖ್ಯೆಯ ಎರಡನೆಯ ಕೆಲಸ ಹೊಣೆಯನ್ನು ಗುರುತಿಸುವುದು. ರೋಗಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದ ದಿನ ಅಥವಾ ಅದರ ಮರುದಿನ ಸೋಂಕು ಕಾಣಿಸಿಕೊಂಡರೆ ಅದು ಕಳುಹಿಸಿದ ಕಡೆಯ ಲೆಕ್ಕಕ್ಕೆ ಸೇರುತ್ತದೆ ಎಂಬುದು ಅಮೆರಿಕದ ರಾಷ್ಟ್ರೀಯ ನಿಗಾ ಜಾಲದ ನಿಯಮ. ಸಾಗಣೆಯಲ್ಲಿ ಒಡೆದ ಸರಕು ಯಾರ ನಷ್ಟವೆಂದು ಕರಾರಿನಲ್ಲಿ ಬರೆದುಕೊಳ್ಳುವುದಕ್ಕೆ ಇದು ಸಮಾನ.

ಶಸ್ತ್ರಚಿಕಿತ್ಸೆಯ ಗಾಯದ ವಿಷಯದಲ್ಲಿ ಅವಧಿ ಇನ್ನೂ ದೀರ್ಘವಾಗಿದೆ. ಅಂತಹ ಗಾಯದ ಸೋಂಕನ್ನು ಸಾಮಾನ್ಯವಾಗಿ 30 ದಿನಗಳವರೆಗೆ, ಕೆಲವು ನಿರ್ದಿಷ್ಟ ಶಸ್ತ್ರಚಿಕಿತ್ಸೆಗಳಲ್ಲಿ 90 ದಿನಗಳವರೆಗೆ ಆ ಶಸ್ತ್ರಚಿಕಿತ್ಸೆಯ ಲೆಕ್ಕಕ್ಕೇ ಹಿಡಿಯಲಾಗುತ್ತದೆ. ಔರಾದಿನ ರೈತನೊಬ್ಬ ಹರ್ನಿಯಾ ಆಪರೇಷನ್ ಮುಗಿಸಿ ಮೂರನೆಯ ದಿನ ಊರಿಗೆ ಮರಳಿ, ಹತ್ತನೆಯ ದಿನ ಗಾಯದಿಂದ ಕೀವು ಬಂದರೆ, ಅದು ಮನೆಯಲ್ಲಿ ಕಂಡರೂ ಮನೆಯ ಸೋಂಕಲ್ಲ. ಆದರೆ ಆ ಕೀವನ್ನು ಒರೆಸಿದ ಊರಿನ ವೈದ್ಯರು ಆಪರೇಷನ್ ಮಾಡಿದ ಆಸ್ಪತ್ರೆಗೆ ತಿಳಿಸುವ ಪದ್ಧತಿ ಇಲ್ಲದಿದ್ದರೆ, ಆಸ್ಪತ್ರೆಯ ದಾಖಲೆ ನಿಷ್ಕಳಂಕವಾಗಿಯೇ ಉಳಿಯುತ್ತದೆ. ಬಿಡುಗಡೆ ಬೇಗನೆ ಆದಷ್ಟೂ ದಾಖಲೆ ಚೊಕ್ಕಟವಾಗುವ ಈ ವ್ಯವಸ್ಥೆಯನ್ನು ಯಾವ ಲೆಕ್ಕಪರಿಶೋಧಕನೂ ಸಹಿ ಮಾಡಿ ಒಪ್ಪಲಾರ.

ಈ ದಿನಾಂಕಗಳಿಗೆ ಹಣದ ಬೆಲೆಯೂ ಇದೆ. 2020ರ ಏಪ್ರಿಲ್‌ನಲ್ಲಿ ಎಲ್ಲ ವಿಮಾ ಕಂಪನಿಗಳಿಗೂ ಏಕರೂಪವಾಗಿ ಜಾರಿಗೆ ಬಂದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲಿ ಆಸ್ಪತ್ರೆಗೆ ಸೇರುವ ಹಿಂದಿನ 30 ದಿನ ಹಾಗೂ ಬಿಡುಗಡೆಯ ನಂತರದ 60 ದಿನಗಳ ಸಂಬಂಧಿತ ವೆಚ್ಚಕ್ಕೆ ಅವಕಾಶವಿದೆ. ಹಲವು ಪಾಲಿಸಿಗಳಲ್ಲಿ ‘ಡೊಮಿಸಿಲಿಯರಿ’ ಎಂಬ ಶೀರ್ಷಿಕೆಯಡಿ, ರೋಗಿಯನ್ನು ಸ್ಥಳಾಂತರಿಸಲು ಆಗದಿದ್ದಾಗ ಅಥವಾ ಆಸ್ಪತ್ರೆಯಲ್ಲಿ ಕೊಠಡಿ ಸಿಗದಿದ್ದಾಗ ಮನೆಯಲ್ಲೇ ನಡೆಸಿದ ಆಸ್ಪತ್ರೆ ಮಟ್ಟದ ಚಿಕಿತ್ಸೆಗೂ ಪರಿಹಾರವಿರುತ್ತದೆ. ಇವೆರಡರಲ್ಲೂ ಕ್ಲೇಮಿನ ಬಲ ನಿಂತಿರುವುದು ಯಾವ ದಿನ ಏನಾಯಿತು ಎಂಬ ಬರವಣಿಗೆಯ ಮೇಲೆ. ಪಾಲಿಸಿಯ ಷರತ್ತುಗಳನ್ನು ಓದದೆ ಕಂತು ಕಟ್ಟುವ ವರ್ತಕರು, ಜ್ವರ ಬಂದ ದಿನಾಂಕವನ್ನೂ ಬರೆದಿಡದಿದ್ದರೆ ಕ್ಲೇಮು ತಿರಸ್ಕೃತವಾದಾಗ ವಾದಿಸಲು ಏನೂ ಉಳಿಯುವುದಿಲ್ಲ.

ಛೇದವಿಲ್ಲದ ಭಿನ್ನರಾಶಿ

ಮೂರನೆಯದು, ಹಾಗೂ ಹೆಚ್ಚಾಗಿ ಕಡೆಗಣಿಸಲ್ಪಡುವುದು, ಯಾವುದಕ್ಕೆ ಹೋಲಿಸಿ ಎಣಿಸಬೇಕೆಂಬುದು. ಎರಡು ಸಾರಿಗೆ ಕಂಪನಿಗಳ ಲಾರಿಗಳು ಎಷ್ಟು ಬಾರಿ ಕೆಟ್ಟು ನಿಂತವು ಎಂಬುದನ್ನು ಲಾರಿಗಳ ಸಂಖ್ಯೆಯಿಂದ ಭಾಗಿಸಿದರೆ ನ್ಯಾಯ ಸಿಗುವುದಿಲ್ಲ, ಓಡಿದ ಕಿಲೋಮೀಟರಿನಿಂದ ಭಾಗಿಸಬೇಕು. ಸೋಂಕಿನ ಲೆಕ್ಕದಲ್ಲಿ ಕಿಲೋಮೀಟರಿಗೆ ಸಮನಾದುದು ನಳಿಕೆ-ದಿನ. ಒಬ್ಬ ರೋಗಿಗೆ ಹತ್ತು ದಿನ ನಳಿಕೆ ಇದ್ದರೆ ಹತ್ತು ನಳಿಕೆ-ದಿನ. ಸೋಂಕಿನ ದರವನ್ನು ಪ್ರತಿ 1,000 ನಳಿಕೆ-ದಿನಗಳಿಗೆ ಇಷ್ಟೆಂದು ಹೇಳುವುದು ರೂಢಿ.

ಮನೆಗೆ ಶುಶ್ರೂಷಕರನ್ನು ಕಳುಹಿಸುವ ಎರಡು ಸಂಸ್ಥೆಗಳಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದು ತಿಂಗಳಲ್ಲಿ 12 ರೋಗಿಗಳನ್ನು ನೋಡಿಕೊಂಡಿದೆ, 3 ಸೋಂಕು. ಎರಡನೆಯದು 6 ರೋಗಿಗಳು, 2 ಸೋಂಕು. ರೋಗಿಗಳ ಸಂಖ್ಯೆಯಿಂದ ನೋಡಿದರೆ ಮೊದಲನೆಯದು ಶೇ. 25, ಎರಡನೆಯದು ಶೇ. 33; ಮೊದಲನೆಯದೇ ಮೇಲು. ಆದರೆ ಮೊದಲನೆಯ ಸಂಸ್ಥೆಯ ರೋಗಿಗಳಿಗೆ ಸರಾಸರಿ 8 ದಿನ ಮಾತ್ರ ನಳಿಕೆ ಇತ್ತು, ಒಟ್ಟು 96 ನಳಿಕೆ-ದಿನ. ಎರಡನೆಯದರ ರೋಗಿಗಳಿಗೆ ಸರಾಸರಿ 28 ದಿನ, ಒಟ್ಟು 168. ಈಗ ಮೊದಲನೆಯದರ ದರ ಸಾವಿರಕ್ಕೆ 31, ಎರಡನೆಯದರದು 12ಕ್ಕೂ ಕಡಿಮೆ. ತೀರ್ಪು ತಲೆಕೆಳಗಾಗುತ್ತದೆ. ಇಷ್ಟಾದರೂ ಆತುರ ಸಲ್ಲದು. ಎರಡನೆಯ ಸಂಸ್ಥೆಯಲ್ಲಿ ಒಬ್ಬರಿಗೆ ಜ್ವರ ಬಾರದಿದ್ದರೆ ದರ ಅರ್ಧಕ್ಕಿಳಿಯುತ್ತಿತ್ತು. ಚಿಕ್ಕ ಸಂಸ್ಥೆಗಳ ಒಂದು ತಿಂಗಳ ಅಂಕಿಯಿಂದ ಏನನ್ನೂ ತೀರ್ಮಾನಿಸಲಾಗದು. ಹನ್ನೆರಡು ತಿಂಗಳ ಸಾಲನ್ನು ನೋಡಬೇಕು, ಅದೂ ಅದೇ ಸಂಸ್ಥೆಯ ಹಿಂದಿನ ವರ್ಷದೊಡನೆ.

ಈ ಬಗೆಯ ಲೆಕ್ಕ ಮನೆಯಲ್ಲಿಯೂ ಸಾಧ್ಯವೆಂಬುದಕ್ಕೆ ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಉತ್ತಮ ನಿದರ್ಶನ. ಅಲ್ಲಿ ಒಳಪೊರೆಯ ಸೋಂಕಿಗೆ ಅಂತರರಾಷ್ಟ್ರೀಯ ಸಂಘದ ವ್ಯಾಖ್ಯೆ ಇದೆ. ಹೊಟ್ಟೆನೋವು ಅಥವಾ ಹೊರಬಂದ ದ್ರವ ಕದಡಿರುವುದು, ಆ ದ್ರವದಲ್ಲಿ ಬಿಳಿ ರಕ್ತಕಣಗಳು ನಿಗದಿತ ಮಟ್ಟಕ್ಕಿಂತ ಹೆಚ್ಚಿರುವುದು, ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಕಾಣುವುದು, ಈ ಮೂರರಲ್ಲಿ ಎರಡು ಸಾಕು. ಕೇಂದ್ರವೊಂದರಲ್ಲಿ ರೋಗಿ-ವರ್ಷಕ್ಕೆ 0.4ಕ್ಕಿಂತ ಹೆಚ್ಚು ಸೋಂಕು ಇರಬಾರದೆಂದು 2022ರ ಮಾರ್ಗಸೂಚಿ ಹೇಳುತ್ತದೆ. ಅದಕ್ಕೆ ಮುಂಚೆ ಈ ಮಿತಿ 0.5 ಇತ್ತು. ವ್ಯಾಖ್ಯೆ, ಛೇದ, ಮಿತಿ ಮೂರೂ ಇದ್ದುದರಿಂದಲೇ ಆ ಮಿತಿಯನ್ನು ಇನ್ನಷ್ಟು ಬಿಗಿ ಮಾಡಲು ಸಾಧ್ಯವಾಯಿತು.

2021ರ ಬೇಸಿಗೆಯಲ್ಲಿ ಛೇದವಿಲ್ಲದ ಲೆಕ್ಕದ ಪರಿಣಾಮವನ್ನು ಇಡೀ ದೇಶ ನೋಡಿತು. ಕೋವಿಡ್‌ನ ಎರಡನೆಯ ಅಲೆಯಲ್ಲಿ ಮನೆಗಳಿಗೆ ಆಕ್ಸಿಜನ್ ಸಿಲಿಂಡರುಗಳೂ ಕಾನ್ಸಂಟ್ರೇಟರುಗಳೂ ಬಂದವು. ಅದರ ಬೆನ್ನಿಗೇ ಕಪ್ಪು ಶಿಲೀಂಧ್ರವೆಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ಕಾಣಿಸಿಕೊಂಡು, ಮೇ ತಿಂಗಳಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಲು ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೆರಾಯ್ಡ್ ಬಳಕೆ ಮುಖ್ಯ ಕಾರಣಗಳೆಂದು ಕಂಡುಬಂದರೂ, ಆಕ್ಸಿಜನ್ ಯಂತ್ರದ ಬಾಟಲಿಗೆ ಹಾಕುವ ನೀರಿನ ಮೇಲೂ ಸಂದೇಹ ಬಿದ್ದಿತ್ತು. ಈ ಸಂದೇಹವನ್ನು ಪರೀಕ್ಷಿಸಬೇಕಾದರೆ ರೋಗ ಬಂದವರ ಸಂಖ್ಯೆ ಸಾಲದು. ಮನೆಯಲ್ಲಿ ಅದೇ ಯಂತ್ರವನ್ನು ಎಷ್ಟು ಜನ ಎಷ್ಟು ದಿನ ಬಳಸಿದರು, ಯಾವ ನೀರು ಹಾಕಿದರು, ಅವರಲ್ಲಿ ಎಷ್ಟು ಜನರಿಗೆ ಏನೂ ಆಗಲಿಲ್ಲ ಎಂಬುದೂ ಬೇಕು. ಯಂತ್ರವನ್ನು ಕೊಟ್ಟವರು, ದಾನವಾಗಲಿ ಬಾಡಿಗೆಯಾಗಲಿ, ಹೆಸರು ಮತ್ತು ಠೇವಣಿಯನ್ನು ಬರೆದುಕೊಂಡರೇ ಹೊರತು ಇದನ್ನು ಬರೆದುಕೊಳ್ಳುವ ಯೋಚನೆ ಆ ಗಡಿಬಿಡಿಯಲ್ಲಿ ಯಾರಿಗೂ ಬರುವಂತಿರಲಿಲ್ಲ.

ಗಡಚಿರೋಲಿಯ ಪಾಠ, ಬಗದಲ್‌ನ ತೊಟ್ಟಿಲು

ಇದೆಲ್ಲ ಪಟ್ಟಣದ, ಪರದೇಶದ ಮಾತು, ಹಳ್ಳಿಯ ಮನೆಗಳಲ್ಲಿ ನಡೆಯದು ಎಂಬ ಆಕ್ಷೇಪಕ್ಕೆ ಉತ್ತರ ನೆರೆಯ ಮಹಾರಾಷ್ಟ್ರದಲ್ಲಿದೆ. ಗಡಚಿರೋಲಿ ಜಿಲ್ಲೆಯಲ್ಲಿ ವೈದ್ಯ ದಂಪತಿಗಳಾದ ಅಭಯ ಬಂಗ್ ಮತ್ತು ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆಯು 1993ರಿಂದ 1998ರವರೆಗೆ 39 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿ, ಹೋಲಿಕೆಗಾಗಿ ಬೇರೆ 47 ಹಳ್ಳಿಗಳ ಲೆಕ್ಕವನ್ನೂ ಇಟ್ಟಿತು. ನವಜಾತ ಶಿಶುಗಳ ಸಾವಿಗೆ ದೊಡ್ಡ ಕಾರಣವಾಗಿದ್ದ ನಂಜನ್ನು ಗುರುತಿಸುವ ಕೆಲಸವನ್ನು ಊರಿನದೇ ಆರೋಗ್ಯ ಕಾರ್ಯಕರ್ತೆಯರಿಗೆ ವಹಿಸಲಾಯಿತು. ಅಲ್ಲಿ ಪ್ರಯೋಗಾಲಯವಿರಲಿಲ್ಲ. ಅಳು ಕ್ಷೀಣವಾಗುವುದು, ಹಾಲು ಕುಡಿಯುವುದು ಕಡಿಮೆಯಾಗುವುದು, ಮಂಪರು, ಮೈ ತಣ್ಣಗಾಗುವುದು ಅಥವಾ ಕಾವೇರುವುದು, ಉಸಿರಾಟದಲ್ಲಿ ಎದೆ ಒಳಸೆಳೆಯುವುದು ಮುಂತಾಗಿ ಗೊತ್ತುಪಡಿಸಿದ ಲಕ್ಷಣಗಳಲ್ಲಿ ಕನಿಷ್ಠ ಎರಡು ಒಟ್ಟಿಗೆ ಕಂಡರೆ ನಂಜೆಂದು ಬರೆದು, ಪೋಷಕರ ಒಪ್ಪಿಗೆ ಪಡೆದು ಮನೆಯಲ್ಲೇ ಚಿಕಿತ್ಸೆ ಆರಂಭಿಸಬೇಕಿತ್ತು.

1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೋಲಿಕೆಯ ಹಳ್ಳಿಗಳಿಗಿಂತ ಈ ಹಳ್ಳಿಗಳಲ್ಲಿ ನವಜಾತ ಶಿಶು ಮರಣ ಮೂರನೆಯ ವರ್ಷದ ಹೊತ್ತಿಗೆ ಶೇ. 62ರಷ್ಟು ತಗ್ಗಿತ್ತು. ನಂಜು ತಗಲಿದ ಶಿಶುಗಳಲ್ಲಿ ಸಾಯುವವರ ಪ್ರಮಾಣ ಶೇ. 16.6ರಿಂದ 2.8ಕ್ಕಿಳಿದಿತ್ತು. ಔಷಧದ ಪಾತ್ರ ಇದರಲ್ಲಿ ದೊಡ್ಡದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಯಾವ ಮಗುವಿಗೆ ಯಾವ ದಿನ ಔಷಧ ಕೊಡಬೇಕೆಂಬುದನ್ನು ಹೇಳಿದ್ದು ಕಾಗದದ ಮೇಲಿನ ಆ ವ್ಯಾಖ್ಯೆ.

2011ರಲ್ಲಿ ಕೇಂದ್ರ ಸರ್ಕಾರವು ಮನೆ ಆಧಾರಿತ ನವಜಾತ ಶಿಶು ಆರೈಕೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಆರಂಭಿಸಿತು. ಅದರಂತೆ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಹಾಗೂ 42ನೆಯ ದಿನ ಹೋಗಬೇಕು; ಮನೆಯಲ್ಲೇ ಹುಟ್ಟಿದ್ದರೆ ಮೊದಲ ದಿನವೂ ಹೋಗಬೇಕು. ತೂಕ ನೋಡಬೇಕು, ಮೈಯ ಕಾವು ನೋಡಬೇಕು, ಹೊಕ್ಕುಳಲ್ಲಿ ಕೀವಿದೆಯೇ ಎಂದು ನೋಡಬೇಕು, ನಮೂನೆ ತುಂಬಬೇಕು. ಎಲ್ಲ ಭೇಟಿಗಳೂ ಮುಗಿದರೆ 250 ರೂಪಾಯಿ ಪ್ರೋತ್ಸಾಹಧನವನ್ನು ನಿಗದಿಪಡಿಸಲಾಯಿತು. ಕಿರಾಣಿ ವರ್ತಕರ ಮನೆಯಲ್ಲಿ ಈಗಷ್ಟೇ ಹುಟ್ಟಿದ ಮೊಮ್ಮಗುವಿದ್ದರೆ, ಆ ಮಗುವಿನ ಸೋಂಕಿಗೆ ವ್ಯಾಖ್ಯೆಯೂ ಇದೆ, ದಿನಾಂಕವೂ ಇದೆ, ನಮೂನೆಯೂ ಇದೆ, ಬರೆಯುವವರಿಗೆ ಸಂಭಾವನೆಯೂ ಇದೆ. ಅದೇ ಪಡಸಾಲೆಯ ಇನ್ನೊಂದು ಬದಿಯಲ್ಲಿ ಮಂಚದ ಮೇಲಿರುವ ಅಜ್ಜನ ಮೂತ್ರನಳಿಕೆಗೆ ಇವುಗಳಲ್ಲಿ ಒಂದೂ ಇಲ್ಲ. ಆಶಾ ಕಾರ್ಯಕರ್ತೆಯ ಮೇಲೆ ಈ ಹೊರೆಯನ್ನೂ ಹೊರಿಸಬೇಕೆಂದಲ್ಲ. ಅವರ ಚೀಲದಲ್ಲಿ ಈಗಾಗಲೇ ಬೇಕಾದಷ್ಟು ಪುಸ್ತಕಗಳಿವೆ.

ವರ್ತಕರ ಪಾಲು

ಹಾಗಾದರೆ ಬರೆಯುವವರು ಯಾರು? ಮನೆಯ ಆರೈಕೆ ಈಗ ಒಂದು ಉದ್ಯಮ. ಮಂಚ, ಗಾಳಿಹಾಸಿಗೆ, ಆಕ್ಸಿಜನ್ ಯಂತ್ರ ಬಾಡಿಗೆಗೆ ಕೊಡುವವರು, ನಳಿಕೆ ಮತ್ತು ಡ್ರೆಸ್ಸಿಂಗ್ ಸಾಮಗ್ರಿ ಮಾರುವವರು, ದಿನಗೂಲಿಯ ಮೇಲೆ ಆರೈಕೆದಾರರನ್ನು ಒದಗಿಸುವವರು ಇದರಲ್ಲಿದ್ದಾರೆ. ಇವರಲ್ಲಿ ಅನೇಕರು ಈ ಪತ್ರಿಕೆಯ ಓದುಗರೇ. 2020ರ ಮಾರ್ಚ್‌ನಲ್ಲಿ ಮುಖಗವಸು ಮತ್ತು ಸ್ಯಾನಿಟೈಸರುಗಳನ್ನು ಅವಶ್ಯಕ ವಸ್ತುಗಳ ಪಟ್ಟಿಗೆ ಸೇರಿಸಿ, ಡಿಸ್ಟಿಲರಿಗಳಿಗೂ ಸ್ಯಾನಿಟೈಸರ್ ತಯಾರಿಕೆಗೆ ಅನುಮತಿ ನೀಡಿದಾಗ, ಸೋಂಕು ತಡೆಯ ಸರಕು ಎಷ್ಟು ಬೇಗ ಮಾರುಕಟ್ಟೆಯಾಗಬಲ್ಲದೆಂದು ಎಲ್ಲರೂ ಕಂಡರು. 2025ರ ಸೆಪ್ಟೆಂಬರ್ 22ರಿಂದ ಗಾಜ್, ಬ್ಯಾಂಡೇಜು, ವೈದ್ಯಕೀಯ ಆಕ್ಸಿಜನ್, ಥರ್ಮಾಮೀಟರುಗಳ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿದುದರಿಂದ ಈ ಮಾರುಕಟ್ಟೆ ಇನ್ನೂ ಹಿಗ್ಗುವ ಸಂಭವವಿದೆ.

ಕಾನೂನಿನ ಹೊಣೆಯೂ ಜೊತೆಯಲ್ಲೇ ಬೆಳೆದಿದೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ 2022ರ ಸೆಪ್ಟೆಂಬರ್‌ನಲ್ಲಿ ತಂದ ತಿದ್ದುಪಡಿಯಂತೆ, ಔಷಧ ಮಾರಾಟದ ಪರವಾನಗಿ ಇಲ್ಲದೆ ಸಾಧನಗಳನ್ನಷ್ಟೇ ಮಾರುವವರು ಎಂಡಿ-42 ನೋಂದಣಿ ಪ್ರಮಾಣಪತ್ರ ಪಡೆದು, ಖರೀದಿ ಮತ್ತು ಮಾರಾಟದ ದಾಖಲೆ ಇಡಬೇಕು. 2015ರಲ್ಲಿ ಆರಂಭವಾದ ‘ಮೆಟೀರಿಯೋವಿಜಿಲೆನ್ಸ್’ ಕಾರ್ಯಕ್ರಮದಲ್ಲಿ, ಸಾಧನದಿಂದ ರೋಗಿಗೆ ಹಾನಿಯಾಯಿತೆಂಬ ಸಂದೇಹವಿದ್ದರೆ ಗಾಜಿಯಾಬಾದಿನ ಭಾರತೀಯ ಔಷಧ ಸಂಹಿತೆ ಆಯೋಗಕ್ಕೆ ವರದಿ ಮಾಡುವ ದಾರಿಯಿದೆ. ಒಂದೇ ಬ್ಯಾಚಿನ ಮೂತ್ರನಳಿಕೆ ಹಾಕಿಸಿಕೊಂಡ ಮೂವರಿಗೆ ಒಂದೇ ವಾರ ತೊಂದರೆಯಾದರೆ, ಅದನ್ನು ಮೊದಲು ಗಮನಿಸಬಲ್ಲವರು ಮಾರಿದ ಅಂಗಡಿಯವರೇ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಇದ್ದರೆ ಮಾತ್ರ.

ಬೇಕಾಗಿರುವ ಪುಸ್ತಕ ದೊಡ್ಡದಲ್ಲ. ರೋಗಿಯೊಬ್ಬರಿಗೆ ಒಂದು ಹಾಳೆ ಸಾಕು. ಆರೈಕೆ ಆರಂಭವಾದ ದಿನ, ಆ ದಿನ ಇದ್ದ ಜ್ವರ, ಹುಣ್ಣು, ಕೀವುಗಳ ವಿವರ. ಇದು ಆರಂಭಿಕ ಶಿಲ್ಕು, ಇದನ್ನು ಬರೆಯದೆ ಹೊಸ ಸೋಂಕು ಯಾವುದೆಂದು ಹೇಳಲಾಗದು. ನಳಿಕೆ ಹಾಕಿದ ದಿನ, ಬದಲಿಸಿದ ದಿನ, ತೆಗೆದ ದಿನ. ದಿನಕ್ಕೆರಡು ಬಾರಿ ಜ್ವರದ ಅಳತೆ. ಹೊಸ ಲಕ್ಷಣ ಕಂಡರೆ ಅದರ ದಿನಾಂಕ, ಕೊಟ್ಟ ಔಷಧ, ಯಾರಿಗೆ ತಿಳಿಸಲಾಯಿತು ಎಂಬ ಒಂದು ಸಾಲು. ಆರೈಕೆದಾರರು ಮೂತ್ರದ ಚೀಲವನ್ನು ಸದಾ ಮೂತ್ರಕೋಶದ ಮಟ್ಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗುಹಾಕುವುದನ್ನೂ, ಚೀಲ ಮುಟ್ಟುವ ಮುನ್ನ ಮತ್ತು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನೂ ಮರೆಯದಿರುವಂತೆ ಅದೇ ಹಾಳೆಯ ತಲೆಬರಹದಲ್ಲಿ ಮುದ್ರಿಸಬಹುದು. ತಿಂಗಳ ಕೊನೆಗೆ ಹಾಳೆಗಳನ್ನು ಕೂಡಿಸಿ ನಳಿಕೆ-ದಿನಗಳನ್ನೂ ಸೋಂಕುಗಳನ್ನೂ ತೆಗೆಯುವುದು ಅಂಗಡಿಯ ಗುಮಾಸ್ತರಿಗೆ ಅರ್ಧ ಗಂಟೆಯ ಕೆಲಸ.

ಲೆಕ್ಕ ಇಡುವವರನ್ನು ಶಿಕ್ಷಿಸುವಂತೆ ಅದನ್ನು ಬಳಸಬಾರದು. ಸೋಂಕು ಬರೆದ ಆರೈಕೆದಾರರ ಕೂಲಿಗೆ ಕತ್ತರಿ ಬಿದ್ದರೆ ಮುಂದಿನ ತಿಂಗಳು ಎಲ್ಲ ಹಾಳೆಗಳಲ್ಲೂ ಸೊನ್ನೆ ಕಾಣುತ್ತದೆ. ವರ್ಷವಿಡೀ ಒಂದು ಕಿಲೋ ಕೊರತೆಯೂ ಇಲ್ಲದ ಬೇಳೆ ಗೋದಾಮಿನ ಪುಸ್ತಕವನ್ನು ನೋಡಿದ ಲೆಕ್ಕಪರಿಶೋಧಕ ಸಂತೋಷಪಡುವುದಿಲ್ಲ, ತಕ್ಕಡಿಯನ್ನು ನೋಡಲು ಹೋಗುತ್ತಾನೆ. ಸೊನ್ನೆ ಸೋಂಕಿನ ಜಾಹೀರಾತು ಕೊಡುವ ಸಂಸ್ಥೆಗಿಂತ, ಸಾವಿರಕ್ಕೆ ಇಷ್ಟೆಂದು ಬರೆದು ಕಳೆದ ವರ್ಷ ಇಷ್ಟಿತ್ತೆಂದು ತೋರಿಸುವ ಸಂಸ್ಥೆ ಹೆಚ್ಚು ವಿಶ್ವಾಸಾರ್ಹ.

ಈ ಹಾಳೆಯ ಮೊದಲ ಸಾಲನ್ನು ತುಂಬಲು ಬೇಕಾದುದು ಮಾತ್ರ ಮನೆಯವರ ಕೈಯಲ್ಲಿಲ್ಲ. ನಳಿಕೆಯನ್ನು ಯಾವ ದಿನ ಹಾಕಲಾಯಿತು, ಯಾವ ದಿನದೊಳಗೆ ಬದಲಿಸಬೇಕು ಅಥವಾ ತೆಗೆಯಬೇಕು ಎಂಬುದು ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿರಬೇಕು. ಬೀದರಿನಲ್ಲಾಗಲಿ, ಕಲಬುರಗಿಯಲ್ಲಾಗಲಿ, ಹೈದರಾಬಾದಿನಲ್ಲಾಗಲಿ, ಬಿಲ್ಲು ಪಾವತಿಸಿ ಆಂಬುಲೆನ್ಸ್ ಹತ್ತುವ ಮುನ್ನ ಆ ಪತ್ರವನ್ನು ತೆರೆದು ಈ ಎರಡು ದಿನಾಂಕಗಳಿವೆಯೇ ಎಂದು ನೋಡಿ, ಇಲ್ಲದಿದ್ದರೆ ಕೌಂಟರಿನಲ್ಲೇ ಕೇಳಿ ಬರೆಸಿಕೊಳ್ಳುವುದು ಸೂಕ್ತ.